ಹತ್ತಿದವರಿಗೆಲ್ಲ ಒಂದು ಗೂಡು

ಹೋದ ತಿಂಗಳ ಕೊನೆಯ ದಿನ ನಮ್ಮ ಸೀಮೆಯ ಒಂದು ಕೋಟೆ ತನ್ನ ಸಮಸ್ತ ಸೈನ್ಯವನ್ನೂ ಕಳೆದುಕೊಂಡಿತು. ಸೈನ್ಯವೆಂದರೆ ಒಬ್ಬರೇ. ಮೇಲೆ ಖಾಕಿ ಅಂಗಿ, ಕೆಳಗೆ ನೀಲಿ ಲುಂಗಿ, ಕೈಯಲ್ಲಿ ಆಯುಧವಾಗಿ ಒಂದು ಬಿದಿರಿನ ಮೊರ. ಅವರನ್ನು ಯಾವ ಶತ್ರುವೂ ಸೋಲಿಸಲಿಲ್ಲ. ವಯಸ್ಸು ಅರವತ್ತಾಯಿತು, ಇಲಾಖೆಯವರು ಒಂದು ಶಾಲು ಹೊದಿಸಿ, ಒಂದು ಹಾರ ಹಾಕಿ, ಫೋಟೋ ತೆಗೆದುಕೊಂಡು ಮನೆಗೆ ಕಳಿಸಿದರು. ಈ ಐತಿಹಾಸಿಕ ಘಟನೆಯನ್ನು ಯಾವ ಪತ್ರಿಕೆಯೂ ವರದಿ ಮಾಡದ ಕಾರಣ ಆ ಹೊಣೆ ನನ್ನ ಮೇಲೆ ಬಿದ್ದಿದೆ.

ಅವರ ಹೆಸರು ಬರೆಯುವುದಿಲ್ಲ. ಬರೆಯಲೇ ಎಂದು ಕೇಳಿದ್ದೆ. "ಹೆಸ್ರು ಯಾಕ್ ಮೇಷ್ಟ್ರೆ? ಕೋಟೆ ಕಟ್ಟಿದೋನ್ ಹೆಸ್ರೇ ಬೋರ್ಡಲ್ಲಿ ಅಳಿಸೋಗೈತೆ. ನಾನ್ಯಾವ ದೊಡ್ಡ ಮನ್ಸ?" ಎಂದರು. ಆದ್ದರಿಂದ ಇಲ್ಲಿ ಅವರು ಕೋಟೆಯವರು. ಆ ಕಡೆಯ ಬಸ್ ಕಂಡಕ್ಟರುಗಳೂ ಅವರನ್ನು ಹಾಗೆಯೇ ಕರೆಯುತ್ತಿದ್ದರು.

ಮಂಚೇನಹಳ್ಳಿ ದಾಟಿ ಗೌರಿಬಿದನೂರಿನ ದಾರಿಯಲ್ಲಿ ಎಡಕ್ಕೆ ತಿರುಗಿದರೆ ಸಿಗುವ ಬೆಟ್ಟ ಅದು. ಮೇಲೆ ಮೂರು ಸುತ್ತಿನ ಗೋಡೆ, ಮೂರು ಬಾಗಿಲು, ಬಂಡೆಯ ನಡುವೆ ಮಳೆನೀರು ನಿಲ್ಲುವ ಆರೇಳು ದೊಣೆ. ಜಗತ್ಪ್ರಸಿದ್ಧವೇನಲ್ಲ. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟಕ್ಕೆಂದು ಹೊರಟು, ಕಾರುಗಳ ಸಾಲಿನಲ್ಲಿ ಎರಡು ಗಂಟೆ ನಿಂತು, ಹೆಂಡತಿ ಮಕ್ಕಳ ಕೈಲಿ ಬೈಸಿಕೊಂಡವರು ಬೇರೆ ಗತಿಯಿಲ್ಲದೆ ಇಲ್ಲಿಗೆ ಬರುತ್ತಾರೆ. ಇತ್ತೀಚೆಗೆ ಪ್ರವಾಸೋದ್ಯಮವನ್ನು ಉದ್ಧಾರ ಮಾಡಲು ಮೊದಲನೇ ಬಾಗಿಲ ಪಕ್ಕ ಹೃದಯದ ಆಕಾರದ ದೊಡ್ಡ ಕೆಂಪು ಚೌಕಟ್ಟು ನಿಲ್ಲಿಸಿದ್ದಾರೆ. ಜನ ಅದರೊಳಗೆ ನಿಂತು ಸೆಲ್ಫಿ ತೆಗೆದುಕೊಳ್ಳಬೇಕು. ಸಾಮಾನ್ಯವಾಗಿ ಅಲ್ಲಿ ಒಂದು ಗಡವ ಕೋತಿ ಕುಳಿತಿರುತ್ತದೆ. ಜನ ಅದು ಏಳಲಿ ಎಂದು ಕಾಯುತ್ತಾರೆ.

ಕೋಟೆಯವರು ಹೇಳುತ್ತಿದ್ದ ಇತಿಹಾಸ ಮೂರೇ ವಾಕ್ಯದ್ದು. "ಇದು ಕೋಟೆ. ಕಟ್ಟಿದೋರೆಲ್ಲ ಸತ್ತೋಗವ್ರೆ. ನೀವು ಜೋಪಾನ." ಇದಕ್ಕಿಂತ ಹೆಚ್ಚು ಕೇಳಿದವರಿಗೆ "ಸರ್ಲೇ, ಬೋರ್ಡ್ ಓದ್ಕಳಿ" ಎಂದು ತೆಲುಗಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದರು. ನಾನು ಚಿಕ್ಕಬಳ್ಳಾಪುರದ ಹೈಸ್ಕೂಲಿನಲ್ಲಿ ಮೇಷ್ಟರಾಗಿದ್ದಾಗ ವರ್ಷಕ್ಕೊಮ್ಮೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದೆ. ಒಂದು ಪೀರಿಯಡ್ಡಿನಲ್ಲಿ ನಾನು ವಿಜಯನಗರದ ಪತನವನ್ನೂ ಮುಗಿಸಲಾರದವನು. ಇವರು ಮೂರು ಉಸಿರಿನಲ್ಲಿ ಸಕಲ ರಾಜವಂಶಗಳನ್ನೂ ಮುಗಿಸಿಬಿಡುವುದನ್ನು ಕಂಡು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಅವರ ನಿಜವಾದ ವಿದ್ಯೆ ಬೇರೆ ಇತ್ತು. ಅದನ್ನು ಹೇಳಬೇಕಾದರೆ ಮೊರದಲ್ಲಿ ಏನಿತ್ತು ಎಂಬುದನ್ನು ಹೇಳಬೇಕು. ಅವರ ಹುಟ್ಟೂರು ಶಿಡ್ಲಘಟ್ಟದ ಕಡೆಯ ದಿಬ್ಬೂರಹಳ್ಳಿ. ಮನೆಯಲ್ಲಿ ತಲೆಮಾರುಗಳಿಂದ ರೇಷ್ಮೆ ಸಾಕಣೆ. ಚಿಟ್ಟೆ ಕೊರೆದುಕೊಂಡು ಹೊರಬಂದ ತೂತು ಗೂಡಿನಿಂದ ನೂಲು ಬಿಚ್ಚಲಾಗುವುದಿಲ್ಲ, ಮಾರುಕಟ್ಟೆಯಲ್ಲಿ ಅದನ್ನು ಮೂಸಿಯೂ ನೋಡುವುದಿಲ್ಲ. ಅಂಥ ಗೂಡುಗಳನ್ನು ಒಂದು ಚೀಲದ ತುಂಬ ತಂದು ಇಟ್ಟುಕೊಂಡಿದ್ದರು. ಬೆಟ್ಟ ಹತ್ತುವ ಪ್ರತಿಯೊಬ್ಬರ ಅಂಗೈಗೂ ಒಂದೊಂದು ಗೂಡು. ಇಳಿದು ಬಂದವರು ಅದನ್ನು ಮೊರಕ್ಕೆ ಹಾಕಬೇಕು. ಸಂಜೆ ಐದಕ್ಕೆ ಮೊರದ ಗೂಡು ಎಣಿಸುವುದು, ಕೊಟ್ಟದ್ದಕ್ಕೆ ಸರಿಹೋದರೆ ಬೀಗ. ಒಂದು ಕಡಿಮೆಯಾದರೆ ಬೀಗವಿಲ್ಲ, ಬೆಟ್ಟ ಹತ್ತಿ ಹುಡುಕುವುದು. ಗೂಡನ್ನು ನೆನಪಿಗೆಂದು ಕದ್ದು ಒಯ್ದ ಪ್ರವಾಸಿಗಳಿಂದಾಗಿ ಅವರು ಎಷ್ಟೋ ಸಂಜೆ ಇಡೀ ಬೆಟ್ಟವನ್ನು ಸುಮ್ಮಸುಮ್ಮನೆ ಸುತ್ತಿದ್ದಾರೆ. ಕದ್ದವರು ಅದನ್ನು ಬೆಂಗಳೂರಿನ ಷೋಕೇಸಿನಲ್ಲಿಟ್ಟು ಮರೆತಿರುತ್ತಾರೆ.

ಇಲಾಖೆ ಅವರಿಗೆ ದಪ್ಪನೆಯ ರಿಜಿಸ್ಟರನ್ನೇ ಕೊಟ್ಟಿತ್ತು, ಹೆಸರು, ಊರು, ಒಳಗೆ ಹೋದ ಸಮಯ, ಹೊರಗೆ ಬಂದ ಸಮಯ ಎಂದು ಗೆರೆ ಹಾಕಿ. ಅದನ್ನು ಬಿಟ್ಟು ಇದ್ಯಾಕೆ ಎಂದು ಒಮ್ಮೆ ಕೇಳಿದ್ದೆ. ಮೊರವನ್ನು ಪಕ್ಕಕ್ಕಿಟ್ಟು ಹೇಳಿದರು.

"ಕೆಲ್ಸಕ್ಕೆ ಸೇರಿದ್ ಮೊದಲ್ನೇ ವರ್ಷ. ಎರಡು ಬಸ್ಸಲ್ಲಿ ಜನ ಬಂದಿದ್ರು. ಬುಕ್ಕಲ್ಲಿ ಎಲ್ಲಾರ್ ಹೆಸ್ರಿಗೂ ಸೈನ್ ಬಿದ್ದಿತ್ತು. ನಾನು ಬುಕ್ ನಂಬ್ಕೊಂಡು ಬೀಗ ಜಡ್ದು ಹೋದೆ. ಬೆಳಿಗ್ಗೆ ಬಂದ್ರೆ ಬಾಗ್ಲ ಹಿಂದೆ ಒಬ್ಬ ತಾತ ಕೂತವ್ನೆ. ಈ ಬಸ್ಸೋರು ಆ ಬಸ್ಸಲ್ಲವ್ನೆ ಅನ್ಕೊಂಡವ್ರೆ, ಆ ಬಸ್ಸೋರು ಈ ಬಸ್ಸಲ್ಲವ್ನೆ ಅನ್ಕೊಂಡವ್ರೆ. ಸೈನ್ ಯಾರೋ ಹಾಕ್ಬುಟ್ಟವ್ರೆ. ಆ ತಾತ ನನ್ನ ಬೈಲಿಲ್ಲ ಮೇಷ್ಟ್ರೆ. ರಾತ್ರಿಯೆಲ್ಲ ತಟ್ದೆ ಕಣಪ್ಪಾ, ಕೇಳುಸ್ಲಿಲ್ವಾ ಅಂದ. ಅಷ್ಟೇ. ಬೈದಿದ್ರೆ ಚೆನ್ನಾಗಿತ್ತು."

ಅಂದಿನಿಂದ ರಿಜಿಸ್ಟರು ಟೀ ಲೋಟದ ಕೆಳಗೆ, ಗೂಡು ಜನರ ಕೈಗೆ.

ಗೂಡಿನಲ್ಲೂ ಶಾಸ್ತ್ರವಿತ್ತು. ಹೊಸದಾಗಿ ಮದುವೆಯಾದವರಿಗೆ ಒಂಟಿ ಗೂಡಿಲ್ಲ. ಎರಡು ಹುಳು ಕೂಡಿಕೊಂಡು ಒಂದೇ ಮನೆ ಕಟ್ಟಿದ ಜೋಡಿ ಗೂಡು ಆಗೊಮ್ಮೆ ಈಗೊಮ್ಮೆ ಸಿಗುತ್ತದೆ. ಅದನ್ನು ತೆಗೆದಿಟ್ಟುಕೊಂಡು ಗಂಡಹೆಂಡಿರಿಗೆ ಇಬ್ಬರಿಗೂ ಸೇರಿ ಒಂದೇ ಕೊಡುತ್ತಿದ್ದರು. ಒಮ್ಮೆ ಚಿಂತಾಮಣಿ ಕಡೆಯ ಒಂದು ಜೋಡಿ ಮೇಲೆ ಜಗಳವಾಡಿಕೊಂಡಿತು. ಹುಡುಗಿ ದಡದಡ ಇಳಿದು ಬಂದು ಗೂಡನ್ನು ಮೊರಕ್ಕೆ ಎಸೆದಳು. ನಾನು ಅಲ್ಲೇ ಟೀ ಕುಡಿಯುತ್ತಿದ್ದೆ. ಕೋಟೆಯವರು ಗೂಡನ್ನು ಎತ್ತಿ ಅವಳ ಕೈಗೇ ವಾಪಸು ಕೊಟ್ಟರು.

"ಇದು ಇಬ್ರುದು ಕಣಮ್ಮಾ. ಅರ್ಧ ನಾನ್ ತಗಳಲ್ಲ."

"ಅವ್ನು ಬಂದ್ರೆ ಬರ್ತಾನೆ, ಇಲ್ದಿದ್ರೆ ಅಲ್ಲೇ ಬಿದ್ದಿರ್ತಾನೆ. ನನಗೇನು?"

"ನಿನಗೇನೂ ಇಲ್ಲಮ್ಮಾ. ನನಗೈತಲ್ಲ. ಬೀಗ ಹಾಕ್ಬೇಕು."

ಅವಳು ಮುಖ ಊದಿಸಿಕೊಂಡು ಮುಕ್ಕಾಲು ಗಂಟೆ ಕೂತಳು. ಹುಡುಗ ಇಳಿದು ಬಂದವನು ಅವಳ ಕೈಲಿದ್ದ ಗೂಡು ನೋಡಿ, ತನಗಾಗಿಯೇ ಕಾಯುತ್ತಿದ್ದಾಳೆಂದು ಭಾವಿಸಿ ಕಣ್ಣು ಒದ್ದೆ ಮಾಡಿಕೊಂಡ. ಅವಳೂ ನಿಜ ಹೇಳಲಿಲ್ಲ. ಸಂಸಾರ ಹಾಗೆಯೇ ನಿಂತಿರುವುದು.

ಒಮ್ಮೆ ಇಲಾಖೆಯ ದೊಡ್ಡ ಸಾಹೇಬರು ತಪಾಸಣೆಗೆ ಬಂದು, "ಏನ್ರೀ ಇದು ಕಸ, ನನ್ನ ಕೈಗೆ ಕೊಡ್ತೀರಿ?" ಎಂದರಂತೆ. ಇವರು ಕೈಮುಗಿದು, "ಕಸಾನೇ ಸಾ. ತಾವು ಇಳ್ದು ಬಂದ್ಮೇಲೆ ಬಿಸಾಕ್ತೀನಿ" ಎಂದರಂತೆ. ಸಾಹೇಬರು ಕಸವನ್ನು ಹಿಡಿದೇ ಹತ್ತಿದರು.

ಇನ್ನು ನನ್ನ ಅಪರಾಧದ ವಿಷಯ. ತಪ್ಪೊಪ್ಪಿಗೆಯನ್ನು ಇಷ್ಟು ತಡವಾಗಿ ತಂದದ್ದಕ್ಕೆ ಕ್ಷಮೆಯಿರಲಿ.

ಎರಡು ವರ್ಷದ ಹಿಂದಿನ ಮಾತು. ನಮ್ಮ ಊರಿನ ನಿವೃತ್ತರೆಲ್ಲ ಸೇರಿ, ಮಂಡಿಚಿಪ್ಪುಗಳು ಪೂರ್ತಿ ಕೈಕೊಡುವ ಮುಂಚೆ ಇತಿಹಾಸಕ್ಕೆ ಗೌರವ ಸಲ್ಲಿಸಿಬಿಡೋಣವೆಂದು ಒಂದು ಮಿನಿ ಬಸ್ಸು ಮಾಡಿಕೊಂಡು ಆ ಕೋಟೆಗೆ ಹೊರಟೆವು. ಹದಿನಾರು ಜನ. ಮುಖಂಡತ್ವ ನನ್ನದು. ಹದಿನಾರನೆಯವನು ನನ್ನ ಭಾವಮೈದ, ಅಂದರೆ ನನ್ನ ಹೆಂಡತಿಯ ಬೆನ್ನಿಗೆ ಹುಟ್ಟಿದ ತಮ್ಮ. ಸಕ್ಕರೆ ಕಾಯಿಲೆಯವನು, ದಪ್ಪ ಗಾಜಿನ ಕನ್ನಡಕದವನು, ಎಲ್ಲಿಗೆ ಹೋದರೂ ಗುಂಪಿನಿಂದ ಹತ್ತು ಮಾರು ಆಚೆ ನಡೆಯುವವನು. ಹೊರಡುವಾಗ ನನ್ನ ಹೆಂಡತಿ ಬಾಗಿಲಲ್ಲಿ ನಿಂತು, "ಅವನನ್ನ ಹೆಂಗೆ ಕರ್ಕೊಂಡ್ ಹೋಗ್ತಿದೀರೋ ಹಂಗೇ ತಂದು ಬಿಡಿ" ಎಂದಳು. ಪಾತ್ರೆ ಕಡ ಕೊಡುವಾಗ ಹೇಳುವ ಮಾತು.

ಕೋಟೆಯವರು ಹದಿನಾರು ಗೂಡು ಕೊಟ್ಟರು. ವಾರದ ದಿನವಾದ್ದರಿಂದ ನಮ್ಮನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಮೂರನೇ ಬಾಗಿಲವರೆಗೆ ಏದುಸಿರು ಬಿಡುತ್ತ ಹತ್ತಿದೆವು. ಅಲ್ಲಿ ಭಾವಮೈದ ನನ್ನ ಬಳಿ ಬಂದ.

"ಭಾವ, ಇದು ನಿಮ್ಮ ಹತ್ರ ಇರ್ಲಿ. ನನ್ನ ಜೇಬು ತೂತು. ಕಳೆದುಹೋದ್ರೆ ಆ ಮನುಷ್ಯ ನನ್ನ ನೇಣು ಹಾಕ್ತಾನೆ."

"ನೀನೆಲ್ಲಿಗೆ?"

"ಹಂಗೇ ಒಂದು ಸುತ್ತು. ನಾನು ಮುಂದೆ ಇಳೀತಾ ಇರ್ತೀನಿ, ನೀವು ನಿಧಾನಕ್ಕೆ ಬನ್ನಿ."

ನಾನು ಅವನ ಗೂಡನ್ನೂ ನನ್ನದರ ಜೊತೆ ಅಂಗಿಯ ಜೇಬಿಗೆ ಹಾಕಿಕೊಂಡೆ. ಇಳಿದು ಬಂದಾಗ ಅವನು ಕಾಣಲಿಲ್ಲ. ಮುಂದೆ ಇಳಿದವನು ಬಸ್ಸಿನಲ್ಲಿ ಮಲಗಿರುತ್ತಾನೆ ಎಂದುಕೊಂಡೆ. ಗೂಡಿಲ್ಲದೆ ಅವನು ಹೊರಗೆ ಹೇಗೆ ಹೋದಾನು ಎಂಬ ಸರಳ ಪ್ರಶ್ನೆ ಆ ಕ್ಷಣದಲ್ಲಿ ನನಗೆ ಹೊಳೆಯಲಿಲ್ಲ. ಎಲ್ಲರ ಜೊತೆ ಸಾಲಿನಲ್ಲಿ ನಿಂತು, ಎರಡು ಗೂಡನ್ನೂ ಒಟ್ಟಿಗೆ ಮೊರಕ್ಕೆ ಹಾಕಿದೆ. ಗೆಳೆಯನ ಪರವಾಗಿ 'ಹಾಜರ್ ಸಾರ್' ಎಂದು ಕೂಗಿದ ಹುಡುಗರನ್ನು ಮೂವತ್ತು ವರ್ಷ ಬೆಂಚಿನ ಮೇಲೆ ನಿಲ್ಲಿಸಿದ ಮನುಷ್ಯ ನಾನು.

ಕೋಟೆಯವರು ಎಣಿಸಿದರು. ಹದಿನಾರು. ಸರಿಯಾಗಿದೆ. ಆದರೆ ಗೂಡನ್ನು ಚೀಲಕ್ಕೆ ಹಾಕುವ ಮೊದಲು ಒಂದೊಂದನ್ನೂ ಕಿವಿಯ ಬಳಿ ಹಿಡಿದು ಅಲ್ಲಾಡಿಸುವುದು ಅವರ ಚಾಳಿ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಬೆಳೆದವರ ಕೈ ಸುಮ್ಮನಿರದು. ಹಾಗೆ ಒಂದನ್ನು ಅಲ್ಲಾಡಿಸಿದಾಗ ಅದರ ತೂತಿನಿಂದ ಏನೋ ಉದುರಿ ಅವರಿಗೆ ಭಯಂಕರವಾದ ಸೀನು ಬಂತು. ನನ್ನ ಅಂಗಿಯ ಜೇಬು ಎಂದರೆ ನನ್ನ ನಶ್ಯದ ಡಬ್ಬಿಯ ಕಾಯಂ ವಿಳಾಸ. ಅದರ ಮುಚ್ಚಳವೂ ನನ್ನ ಹಾಗೆಯೇ, ವಯಸ್ಸಾಗಿ ಸಡಿಲ.

"ಇದು ಮೇಷ್ಟ್ರದ್ದು" ಎಂದು ನಕ್ಕು, ಇನ್ನೊಂದನ್ನು ಎತ್ತಿಕೊಂಡರು. ಅದಕ್ಕೂ ಸೀನಿದರು.

ನಗು ನಿಂತಿತು.

"ಮೇಷ್ಟ್ರೆ, ಇದ್ಯಾರ್ದು?"

"ಅದು ನಮ್ಮ ಭಾವಮೈದಂದು. ಅವನು ಬಸ್ಸಲ್ಲಿದಾನೆ."

"ನೋಡಿದ್ರಾ?"

"ಇರ್ತಾನೆ."

"ನೋಡಿದ್ರಾ ಅಂತ ಕೇಳ್ದೆ."

ಬಸ್ಸಿಗೆ ಓಡಿದೆವು. ಓಡಿದೆವು ಎಂಬುದು ಆ ವಯಸ್ಸಿನ ಗೌರವಕ್ಕೆ ಬಳಸಿದ ಪದ. ಅವನಿರಲಿಲ್ಲ. ಅವನ ಫೋನಿಗೆ ಮಾಡಿದರೆ ಅದು ಸೀಟಿನ ಮೇಲೆಯೇ ಹಾಡಿತು. ಮಧ್ಯಾಹ್ನದ ಊಟ ಮುಗಿದು ನಾಲ್ಕೂವರೆ ಗಂಟೆ ಕಳೆದಿತ್ತು, ಸಕ್ಕರೆ ಇಳಿದರೆ ಅವನಿಗೆ ತಲೆ ತಿರುಗುತ್ತದೆ. ಮೇಲೆ ದೊಣೆಗಳಿಗೆ ಕಟಾಂಜನವಿಲ್ಲ. ಬಿಸಿಲು ಆಗಲೇ ಎರಡನೇ ಸುತ್ತಿನ ಗೋಡೆಯಿಂದ ಮೇಲಕ್ಕೆ ಸರಿಯುತ್ತಿತ್ತು. ಅದೇ ಹೊತ್ತಿಗೆ ನನ್ನ ಫೋನು ಹೊಡೆದುಕೊಂಡಿತು.

"ನಮ್ಮ ತಮ್ಮ ಮಾತ್ರೆ ತಗೊಂಡ್ನಾ? ಎಲ್ಲಿದಾನೆ?" ಎಂದಳು ನನ್ನ ಹೆಂಡತಿ.

"ಇಲ್ಲೇ ಎಲ್ಲೋ ಇದಾನೆ" ಎಂದೆ. ನಮ್ಮ ದಾಂಪತ್ಯದಲ್ಲಿ ಅಷ್ಟು ಕರಾರುವಾಕ್ಕಾದ ಸುಳ್ಳನ್ನು ನಾನು ಅದಕ್ಕೆ ಮುಂಚೆ ಹೇಳಿರಲಿಲ್ಲ.

ನಮ್ಮವರಲ್ಲಿ ಇಬ್ಬರು ಬಾಗಿಲಲ್ಲಿ ನಿಂತು ಅವನ ಹೆಸರು ಹಿಡಿದು ಕೂಗಲು ಶುರು ಮಾಡಿದರು. ಕೋಟೆಯವರು ಕೈಯೆತ್ತಿ ನಿಲ್ಲಿಸಿದರು. "ಕೂಗ್ಬ್ಯಾಡಿ. ಕೂಗಿದ್ರೆ ಅವು ಚೆದ್ರೋಯ್ತವೆ."

"ಯಾವುವು?"

"ಕೋತಿ. ಇಷ್ಟೊತ್ಗೆ ಎಲ್ಲಾ ಬಂದು ಈ ಕಸದ್ ಡಬ್ಬಿ ಸುತ್ತ ಇರ್ಬೇಕು. ಇವತ್ತು ಒಂದೂ ಇಲ್ಲ ನೋಡಿ. ಅವ್ರ ಕೈಲಿ ತಿನ್ನೋದು ಏನಾನ ಐತಾ?"

"ಬೇಯಿಸಿದ ಕಡ್ಲೆಕಾಯಿ. ಒಂದು ಚೀಲ."

"ಸರ್ಲೇ, ಬದುಕ್ದೆ" ಎಂದರು. ಬದುಕಿದವರು ಅವರೋ ಅವನೋ ತಿಳಿಯಲಿಲ್ಲ. ಕುಸಿದ ಗೋಡೆಯ ಮೇಲೆ ಸರಸರ ಹತ್ತಿ, ಹಣೆಗೆ ಕೈ ಅಡ್ಡ ಇಟ್ಟು ಬೆಟ್ಟವನ್ನು ನೋಡಿದರು. ಮೂರನೇ ಸುತ್ತಿನ ಆಚೆ, ಹಿಂಬದಿಯ ದೊಣೆಯ ಮೇಲಿನ ಬಂಡೆಯ ಅಂಚಿನಲ್ಲಿ ಸಾಲಾಗಿ ಚುಕ್ಕೆಗಳು ಕುಳಿತಿದ್ದವು. ಎಲ್ಲವೂ ಬಗ್ಗಿ ಕೆಳಗೆ ನೋಡುತ್ತಿದ್ದವು, ಸಭೆಯಲ್ಲಿ ಭಾಷಣ ಕೇಳುವವರ ಹಾಗೆ.

"ಅಲ್ಲೇ ಅವ್ರೆ" ಎಂದು ಹೇಳಿ ಹೊರಟೇ ಹೋದರು. ಅರವತ್ತಕ್ಕೆ ಎರಡು ಕಡಿಮೆಯ ಆ ಮನುಷ್ಯ ಲುಂಗಿ ಎತ್ತಿ ಕಟ್ಟಿ ಆ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನೂ ಹಿಂದೆ ಹೋದೆ. ಎರಡನೇ ಬಾಗಿಲಿಗೆ ನನ್ನ ಮಂಡಿಗಳು ಶರಣಾಗತಿಯ ಬಿಳಿ ಬಾವುಟ ತೋರಿಸಿದವು. ಅಲ್ಲೇ ಹೊಸ್ತಿಲ ಮೇಲೆ ಕುಳಿತೆ.

ಆ ಹೊಸ್ತಿಲ ಮೇಲೆ ನಾನು ಎಷ್ಟು ಹೊತ್ತು ಕುಳಿತಿದ್ದೆನೋ ಗೊತ್ತಿಲ್ಲ. ಮೇಷ್ಟರಾಗಿ ಆ ಬಾಗಿಲ ಬಗ್ಗೆ ಮಕ್ಕಳಿಗೆ ಬಹಳ ಹೇಳಿದ್ದೆ, ಇಲ್ಲಿ ಶತ್ರುಗಳನ್ನು ಹೇಗೆ ತಡೆಯುತ್ತಿದ್ದರು, ಬಿಸಿ ಎಣ್ಣೆ ಎಲ್ಲಿಂದ ಸುರಿಯುತ್ತಿದ್ದರು ಎಂದು. ಒಳಗೆ ಹೋದ ತಮ್ಮವರು ಹೊರಗೆ ಬರಲೆಂದು ಯಾರೋ ಅಲ್ಲಿ ಕಾದು ಕುಳಿತಿರಬಹುದು ಎಂಬುದನ್ನು ಒಮ್ಮೆಯೂ ಹೇಳಿರಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಏನು ಹೇಳಬೇಕೆಂದು ವಾಕ್ಯ ಜೋಡಿಸಿದೆ. ಒಂದೂ ಕೂಡಲಿಲ್ಲ.

ಆಮೇಲೆ ಮೇಲಿನಿಂದ ಮಾತು ಕೇಳಿಸಿತು. ಒಂದು ದನಿಯಲ್ಲ, ಎರಡು.

"ಇದು ಬೆಚ್ಚಗಿದೆಯಲ್ಲಪ್ಪ, ಏನಿದು?"

"ಗೋಡೆ ಸಾ. ಬಿಸ್ಲು ಕುಡ್ಕೊಂಡೈತೆ. ಕೈ ಅಲ್ಲೇ ಇಟ್ಕಂಡು ಬನ್ನಿ. ಈಗ ಒಂದು ದೊಡ್ಡ ಮೆಟ್ಲು. ಹಾಂ. ಇಲ್ಲಿ ರಾಗಿ ಕಣಜ ಇತ್ತು. ಮೂರು ವರ್ಷ ಮಳೆ ಬರ್ದಿದ್ರೂ ಉಣ್ಬೋದಿತ್ತಂತೆ. ಎಡಕ್ಕೆ ಕುದ್ರೆ ಕಟ್ಟೋ ಜಾಗ."

"ಇಷ್ಟು ಮೇಲಕ್ಕೆ ಕುದುರೆ ಹತ್ತುತ್ತಾ?"

"ಇಲ್ಲಿಂದ ಮ್ಯಾಕೆ ಹತ್ತಲ್ಲ ಸಾ. ಅದಕ್ಕೇ ಇಲ್ಲೇ ಕಟ್ಟೋರು. ಇನ್ನೊಂದ್ ಮೆಟ್ಲು. ಈ ಕಲ್ಲ ಮೇಲೆ ಮೊಲೆಹಾಲು ಕುಡಿಸ್ತಾ ಕೂತ್ಕಂತಿದ್ರಂತೆ ಕಾವಲೋರ್ ಹೆಂಡ್ತೀರು, ಕಲ್ಲು ಹೆಂಗೆ ನುಣ್ಣಗಾಗೈತೆ, ಮುಟ್ಟಿ ನೋಡಿ."

ಮೂರು ವಾಕ್ಯಕ್ಕೆ ಇತಿಹಾಸ ಮುಗಿಸುತ್ತಿದ್ದ ಮನುಷ್ಯ ಮಾತು ನಿಲ್ಲಿಸುತ್ತಲೇ ಇರಲಿಲ್ಲ. ಅವರಿಗೆ ಇಷ್ಟೆಲ್ಲ ಗೊತ್ತಿದೆಯೆಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಬೋರ್ಡು ಓದಿಸಿದ ನನ್ನ ಮೇಲೆ ನನಗೇ ನಾಚಿಕೆಯಾಯಿತು. ನಾಚಿಕೆಗಿಂತ ಮೊದಲು ಬೇರೆ ಏನೋ ಆಯಿತು. ಅದನ್ನು ಒರೆಸಿಕೊಳ್ಳಲು ಕರವಸ್ತ್ರ ತೆಗೆದೆ.

ಆಗಿದ್ದು ಇಷ್ಟು. ಭಾವಮೈದ ಹಿಂದಿನ ದೊಣೆಗೆ ಮುಖ ತೊಳೆಯಲು ಇಳಿದಿದ್ದಾನೆ. ಬಗ್ಗಿದಾಗ ಕನ್ನಡಕ ನೀರಿಗೆ ಬಿದ್ದಿದೆ. ಕನ್ನಡಕವಿಲ್ಲದೆ ಅವನಿಗೆ ತನ್ನ ಕೈಯೇ ಕಾಣುವುದಿಲ್ಲ. ಮೆಟ್ಟಿಲು ಯಾವುದು, ನೀರು ಯಾವುದು ತಿಳಿಯದೆ, ಒಂದು ಹೆಜ್ಜೆಯೂ ಇಡದೆ ಇದ್ದಲ್ಲೇ ಕುಳಿತುಬಿಟ್ಟಿದ್ದಾನೆ. ಅವನ ಜೀವನದಲ್ಲಿ ಅವನು ಮಾಡಿದ ಒಂದೇ ಒಂದು ವಿವೇಕದ ಕೆಲಸ ಅದು. ಕೂಗಿದ್ದೇನೋ ಕೂಗಿದ್ದಾನೆ, ಬಂಡೆ ಅವನ ದನಿಯನ್ನು ಆ ಕಡೆಯ ಕಣಿವೆಗೆ ಕಳಿಸಿದೆ. ತಲೆ ತಿರುಗತೊಡಗಿದಾಗ ಕಡಲೆಕಾಯಿ ತಿಂದಿದ್ದಾನೆ. ಸಿಪ್ಪೆಯನ್ನು ಕೋತಿಗಳಿಗೆ ಕೊಟ್ಟೆ ಎಂದ. ಕೋತಿಗಳು ಅಷ್ಟಕ್ಕೇ ತೃಪ್ತಿಪಟ್ಟಿರಲಿಕ್ಕಿಲ್ಲ.

ನನ್ನ ಹತ್ತಿರ ಬಂದಾಗ ಅವನು ಕೋಟೆಯವರ ಹೆಗಲನ್ನು ಎರಡು ಕೈಯಲ್ಲೂ ಹಿಡಿದಿದ್ದ. ಬಾಗಿಲಲ್ಲಿದ್ದ ನನ್ನ ಮಸುಕು ಆಕಾರವನ್ನು ನೋಡಿ, "ಇದು ಯಾವ ಕಾಲದ್ದಪ್ಪ?" ಎಂದು ಕೇಳಿದ.

"ಇದು ನಿಮ್ಮ ಭಾವ ಸಾ" ಎಂದರು ಕೋಟೆಯವರು. "ಸ್ವಲ್ಪ ಹಳೇದು."

ಕೆಳಗೆ ಬಂದೆವು. ನಮ್ಮವರೆಲ್ಲ ಅವನನ್ನು ಮುತ್ತಿಕೊಂಡು ಬೈದರು, ಬೈಯುತ್ತಲೇ ನೀರು ಕೊಟ್ಟರು, ಬಾಳೆಹಣ್ಣು ಸುಲಿದರು. ಕೋಟೆಯವರು ದೊಡ್ಡ ಬಾಗಿಲನ್ನು ಎಳೆದರು. ಬೀಗ ತೆಗೆದುಕೊಂಡರು. ಕೀಲಿಕೈ ಬೀಗದ ಬಾಯಿಗೆ ಸಿಗಲಿಲ್ಲ. ಎರಡು ಸಲ, ಮೂರು ಸಲ.

"ತಗಳಿ ಮೇಷ್ಟ್ರೆ" ಎಂದು ಕೀಲಿಕೈಯನ್ನು ನನಗೆ ಕೊಟ್ಟು ಆಚೆ ತಿರುಗಿಕೊಂಡರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. "ಸರ್ಲೇ, ಬೀಗ ಹಾಕಿ ಮೊದ್ಲು" ಎಂದರು.

ಒಂದು ಕೋಟೆಗೆ ಬೀಗ ಹಾಕುವ ಭಾಗ್ಯ ಎಷ್ಟು ಜನ ಮೇಷ್ಟರಿಗೆ ಸಿಕ್ಕಿದೆಯೋ ನಾನರಿಯೆ. ಹಾಕಿ, ಎರಡು ಸಲ ಜಗ್ಗಿ ನೋಡಿ, ಹೆಂಡತಿಗೆ ಫೋನು ಮಾಡಿದೆ. "ನಿನ್ನ ತಮ್ಮ ಬಾಳೆಹಣ್ಣು ತಿಂತಿದಾನೆ" ಎಂದೆ. "ಬಾಳೆಹಣ್ಣಾ? ಸಕ್ಕರೆ ಇರೋನಿಗೆ ಬಾಳೆಹಣ್ಣು ಯಾಕ್ ಕೊಟ್ರಿ?" ಎಂದು ಶುರು ಮಾಡಿದಳು. ಅಷ್ಟು ಇಂಪಾದ ಬೈಗುಳವನ್ನು ನಾನು ಕೇಳಿರಲಿಲ್ಲ. ಪೂರ್ತಿ ಮುಗಿಯುವವರೆಗೆ ನಿಂತು ಕೇಳಿದೆ.

ತಿರುಗಿ ನೋಡಿದರೆ ಕೋಟೆಯವರಿಲ್ಲ. ಮಂಚೇನಹಳ್ಳಿಯ ಅವರ ಬಾಡಿಗೆ ಮನೆಗೆ ಹೋಗುವ ಬಸ್ಸು ನಮ್ಮ ದೆಸೆಯಿಂದ ಯಾವಾಗಲೋ ತಪ್ಪಿಹೋಗಿತ್ತು. ಟೀ ಅಂಗಡಿಯಲ್ಲೂ ಇಲ್ಲ. ಕೀಲಿಕೈ ನನ್ನ ಕೈಯಲ್ಲೇ ಇತ್ತು. ನಮ್ಮವರೆಲ್ಲ ಬಸ್ಸು ಹತ್ತಿ ಕುಳಿತಿದ್ದರು, ಡ್ರೈವರು ಹಾರನ್ ಒತ್ತುತ್ತಿದ್ದ. ಏನಾದರಾಗಲಿ, ಮೊದಲು ಇವರನ್ನು ಎಣಿಸಿಬಿಡೋಣ ಎಂದು ಹತ್ತಿದೆ. ಈ ಸಲ ಒಬ್ಬೊಬ್ಬರ ತಲೆಯನ್ನೂ ಬೆರಳಿನಿಂದ ಮುಟ್ಟಿ ಎಣಿಸಿದೆ. ನನ್ನನ್ನೂ ಸೇರಿಸಿ ಹದಿನೇಳು ಬಂತು. ಹಿಂದಿನಿಂದ ಮುಂದಕ್ಕೆ ಮತ್ತೆ ಎಣಿಸಿದೆ. ಹದಿನೇಳೇ.

ಆಗ ಭಾವಮೈದ ಕಿಟಕಿಯ ಪಕ್ಕದಿಂದ, "ಶ್, ಭಾವ, ಮೆತ್ತಗೆ. ನಾನೇ ಕರ್ಕೊಂಡ್ ಬಂದು ಕೂರಿಸ್ದೆ" ಎಂದ. ಅವನ ಹೆಗಲ ಮೇಲೆ ತಲೆಯೊರಗಿಸಿ, ಬಾಯಿ ಅರ್ಧ ತೆರೆದು, ಖಾಕಿ ಅಂಗಿಯ ಒಬ್ಬರು ಗಾಢನಿದ್ದೆಯಲ್ಲಿದ್ದರು.

"ಲೆಕ್ಕ ಸರಿ ಇದೆಯಾ ಸಾರ್? ಹೊರಡಣ್ವಾ?" ಎಂದು ಡ್ರೈವರು ಕೇಳಿದ.

"ಸರಿಯಾಗಿದೆ. ನಿಧಾನಕ್ಕೆ ಹೋಗಪ್ಪಾ" ಎಂದೆ.